ದೇವಾಲಯದ ಅಂಗಳದಲ್ಲಿ ಸೈಕಲ್ಲಿಗೆ ಸ್ಥಳವಿಲ್ಲವೇ?

ಕಳೆದ ತಪಸ್ಸುಕಾಲದ ಒಂದು ಭಾನುವಾರ ಬೆಳಗಿನ ಬಲಿಪೂಜೆ ಮುಗಿದು ಭಕ್ತರು ಮನೆಗಳಿಗೆ ಹೊರಟಿದ್ದರು. ನಮ್ಮ ಧರ್ಮಕೇಂದ್ರದ ಗೌರವಾನ್ವಿತ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ, "ಫಾದರ್, ತಪ್ಪು ತಿಳಿಯಬೇಡಿ. ತಾವು ಸೈಕಲ್ಲಿನಲ್ಲಿ ಓಡಾಡುವುದನ್ನು ಕಂಡು ಹೊರಗಿನವರು ಆಡಿಕೊಳ್ಳುತ್ತಿದ್ದಾರೆ. ಗುರುಗಳನ್ನು ಕಾರಿನಲ್ಲಿ ಕಳುಹಿಸುವ ಯೋಗ್ಯತೆಯೂ ಈ ಧರ್ಮಕೇಂದ್ರಕ್ಕೆ ಇಲ್ಲವೇ ಎನ್ನುತ್ತಾರೆ. ತಪಸ್ಸುಕಾಲಕ್ಕೆಂದು ಹರಕೆ ಹೊತ್ತಿದ್ದರೆ ಇರಲಿ, ಪಾಸ್ಖ ಹಬ್ಬದ ನಂತರವಾದರೂ ಬಿಟ್ಟುಬಿಡಿ" ಎಂದರು.

ಅವರ ಪ್ರೀತಿಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಅವರ ಮಾತಿನಲ್ಲಿ ಎರಡು ತಪ್ಪು ತಿಳಿವಳಿಕೆಗಳಿದ್ದವು. ಸೈಕಲ್ ತುಳಿಯುವುದು ಒಂದು ತಪಸ್ಸು ಎಂಬುದು ಮೊದಲನೆಯದು. ಅದು ಅವಮಾನ ಎಂಬುದು ಎರಡನೆಯದು. ಇವೆರಡೂ ಅವರೊಬ್ಬರ ಅಭಿಪ್ರಾಯಗಳಲ್ಲ. ಯಲಹಂಕದಿಂದ ಯಶವಂತಪುರದವರೆಗೆ ನಮ್ಮ ಕುಟುಂಬಗಳಲ್ಲಿ ಬೇರೂರಿರುವ ಅಭಿಪ್ರಾಯಗಳು. ಪ್ರಿಯ ಓದುಗರೇ, ಈ ಎರಡನ್ನೂ ನಾನು ಇಲ್ಲಿ ನೇರವಾಗಿ ವಿರೋಧಿಸಬಯಸುತ್ತೇನೆ. ನನ್ನ ಮಾತು ಕೆಲವರಿಗೆ ಕಹಿಯೆನಿಸಬಹುದು. ಕೊನೆಯವರೆಗೂ ಓದಿದರೆ, ಆ ಕಹಿಯಲ್ಲಿ ಹೆಚ್ಚಿನ ಪಾಲನ್ನು ನಾನೇ ಕುಡಿದಿದ್ದೇನೆಂದು ತಿಳಿಯುತ್ತದೆ.

ಇದು ತಪಸ್ಸಲ್ಲ

ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಾನು ಸೈಕಲ್ ಮುಟ್ಟಿರಲಿಲ್ಲ. ಮೂರು ವರ್ಷಗಳ ಹಿಂದೆ, ಮುಂದೆ ಹೇಳಲಿರುವ ಒಂದು ಕಾರಣದಿಂದ, ಮತ್ತೆ ಹತ್ತಿದೆ. ಅಂದಿನಿಂದ ಆರೋಗ್ಯಕ್ಕಾಗಿ ಎಂದು ಕೆಲವರು, ಪರಿಸರಕ್ಕಾಗಿ ಎಂದು ಕೆಲವರು, ಬಡತನದ ವ್ರತಕ್ಕಾಗಿ ಎಂದು ಇನ್ನು ಕೆಲವರು ನನ್ನನ್ನು ಹೊಗಳಿದ್ದಾರೆ. ನಿಜ ಹೇಳುತ್ತೇನೆ: ನಾನು ಸೈಕಲ್ ತುಳಿಯುವುದು ಅದರಲ್ಲಿ ಸಂತೋಷವಿರುವುದರಿಂದ.

ಮುಂಜಾನೆ ಐದೂವರೆಗೆ ಧರ್ಮಭಗಿನಿಯರ ಮಠದಲ್ಲಿ ಪೂಜೆ ಅರ್ಪಿಸಲು ಹೊರಡುವಾಗ ಆರ್.ಟಿ. ನಗರದ ಬೀದಿಗಳಲ್ಲಿ ಇನ್ನೂ ದೀಪಗಳು ಉರಿಯುತ್ತಿರುತ್ತವೆ. ಹಾಲಿನ ಬೂತಿನ ಮುಂದೆ ಕ್ರೇಟುಗಳನ್ನು ಇಳಿಸುವ ಸದ್ದು. ಅಂಗಡಿಯ ಜಗಲಿಯ ಮೇಲೆ ಕುಳಿತು ಪತ್ರಿಕೆಗಳನ್ನು ಜೋಡಿಸುತ್ತಿರುವ ಹುಡುಗರು. ಅಕ್ಟೋಬರ್ ಕಳೆದರೆ ಆಕಾಶಮಲ್ಲಿಗೆಯ ಹೂಗಳು ರಸ್ತೆಯ ಮೇಲೆ ಬಿದ್ದಿರುತ್ತವೆ. ಏಪ್ರಿಲ್ ಹೊತ್ತಿಗೆ ಹೊಂಗೆಯ ಹೂವಿನ ಪರಿಮಳ ಮೂಗಿಗೆ ತಾಕುತ್ತದೆ. ಗಂಗಾನಗರ ದಾಟಿ ಹೆಬ್ಬಾಳದ ಕಡೆಗೆ ಇಳಿಯುವಾಗ ಪೆಡಲ್ ತುಳಿಯಬೇಕಾಗಿಯೇ ಇಲ್ಲ. ಚಕ್ರ ತಾನಾಗಿ ಉರುಳುತ್ತದೆ, ತಣ್ಣನೆಯ ಗಾಳಿ ಮುಖಕ್ಕೆ ಬೀಸುತ್ತದೆ. ಐವತ್ತು ದಾಟಿದ ಮನುಷ್ಯನಿಗೆ ಆ ಅರ್ಧ ನಿಮಿಷ ಹತ್ತು ವರ್ಷದ ಹುಡುಗನ ವಯಸ್ಸು ಮರಳುತ್ತದೆ. ಇದನ್ನು ತಪಸ್ಸು ಎಂದು ಕರೆದರೆ ನಿಜವಾಗಿ ಉಪವಾಸ ಮಾಡುವವರಿಗೆ ಅನ್ಯಾಯ ಮಾಡಿದಂತೆ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಚೆನ್ನೈಯ ಬೆವರು, ದೆಹಲಿಯ ಚಳಿ ಎರಡೂ ಇಲ್ಲಿಲ್ಲ. ನಮ್ಮ ಉತ್ತರ ಭಾಗದಲ್ಲಿ ಯಲಹಂಕ, ಜಕ್ಕೂರು, ರಾಚೇನಹಳ್ಳಿಯ ಕೆರೆಗಳು ಒಂದರಿಂದ ಒಂದಕ್ಕೆ ನೀರು ಹರಿಯುವಂತೆ ಸಾಲಾಗಿವೆ. ಜಕ್ಕೂರು ಕೆರೆಯಲ್ಲಿ ಹೆಜ್ಜಾರ್ಲೆಗಳು ತೇಲುವುದನ್ನು, ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುವುದನ್ನು ಎಷ್ಟು ಮಂದಿ ನೋಡಿದ್ದೀರಿ? ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದ ಪಕ್ಕದಲ್ಲಿ ಮೊದಲ ಮಳೆಯ ನಂತರ ಹಾದುಹೋಗುವಾಗ ಮಣ್ಣಿನ ವಾಸನೆ ಎಷ್ಟು ಮಂದಿಗೆ ತಿಳಿದಿದೆ? ಗಾಜು ಏರಿಸಿ, ಎ.ಸಿ. ಹಾಕಿ, ಮೊಬೈಲ್ ನೋಡುತ್ತಾ ಅದೇ ದಾರಿಯಲ್ಲಿ ದಿನವೂ ಹೋಗುವವರಿಗೆ ಇವು ಯಾವುವೂ ಇಲ್ಲ. ದೇವರ ಸೃಷ್ಟಿ ಉಚಿತವಾಗಿ ದೊರಕುತ್ತಿದೆ. ಅದು ಬೇಡವೆಂದು ನಾವು ಕಂತು ಕಟ್ಟಿ ಗಾಜಿನ ಪೆಟ್ಟಿಗೆ ಕೊಂಡಿದ್ದೇವೆ.

ಇದಕ್ಕಿಂತ ದೊಡ್ಡ ಸಂತೋಷ ಇನ್ನೊಂದಿದೆ. ಸೈಕಲ್ಲಿನವನನ್ನು ಯಾರು ಬೇಕಾದರೂ ನಿಲ್ಲಿಸಬಹುದು. ಕಾರಿನಲ್ಲಿ ಓಡಾಡಿದ ವರ್ಷಗಳಲ್ಲಿ ಬೀದಿಯಲ್ಲಿ ನನ್ನನ್ನು ಯಾರೂ ಕೂಗಿ ಕರೆದ ನೆನಪಿಲ್ಲ. ಈಗ ದಿನಕ್ಕೆ ಎರಡು ಮೂರು ಬಾರಿ "ಸ್ವಾಮಿ, ಒಂದು ನಿಮಿಷ" ಎಂಬ ದನಿ ಕೇಳುತ್ತದೆ. ಮಗಳ ಮದುವೆ ನಿಂತುಹೋದ ತಾಯಿ ತರಕಾರಿ ಚೀಲ ಹಿಡಿದು ನಿಂತೇ ಅತ್ತದ್ದುಂಟು. ಹತ್ತು ವರ್ಷದಿಂದ ಪಾಪನಿವೇದನೆಗೆ ಬಾರದವರು ಪಂಕ್ಚರ್ ಅಂಗಡಿಯ ಮುಂದೆ ಮಾತು ತೆಗೆದದ್ದುಂಟು. ಜೆರಿಕೋ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡೂ ಆ ಯಾಜಕನು ಬದಿಯಿಂದ ಹಾದುಹೋದನಲ್ಲವೇ? ಕಾರಿನೊಳಗಿನ ನನಗೆ ಹಾದುಹೋಗುವ ಪಾಪವನ್ನು ಮಾಡುವ ಅಗತ್ಯವೂ ಬೀಳಲಿಲ್ಲ. ಬಿದ್ದವನು ಕಾಣಿಸುತ್ತಲೇ ಇರಲಿಲ್ಲ. ಎಮ್ಮಾವು ದಾರಿಯಲ್ಲಿ ಪುನರುತ್ಥಾನಗೊಂಡ ಪ್ರಭು ಶಿಷ್ಯರಿಬ್ಬರ ಜೊತೆಗೂಡಿದ್ದು ಅವರು ನಡೆಯುತ್ತಿದ್ದ ವೇಗದಲ್ಲಿ, ಮಾತನಾಡಬಹುದಾದ ವೇಗದಲ್ಲಿ.

ಈ ನಾಚಿಕೆ ಎಲ್ಲಿಂದ ಬಂತು?

ಸೈಕಲ್ ಅವಮಾನವೆಂಬ ಎರಡನೆಯ ಮಾತಿಗೆ ಬರುತ್ತೇನೆ. ಉತ್ತರ ಬೆಂಗಳೂರಿನ ಎಷ್ಟೋ ಕುಟುಂಬಗಳಿಗೆ ಅನ್ನ ಹಾಕಿದ್ದು ಸೈಕಲ್. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸ್ಥಾಪನೆಯಾದವು. ನಂತರ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. ಕ್ಯಾರಿಯರಿಗೆ ಊಟದ ಡಬ್ಬಿ ಸಿಕ್ಕಿಸಿ, ಪ್ಯಾಂಟಿನ ಅಂಚಿಗೆ ಕ್ಲಿಪ್ ಹಾಕಿ, ಯಶವಂತಪುರದ ಕಡೆಯಿಂದ ಸಾಲುಸಾಲಾಗಿ ಪಾಳಿಗೆ ಹೋಗುತ್ತಿದ್ದ ಕಾರ್ಮಿಕರಲ್ಲಿ ನಿಮ್ಮ ತಂದೆಯೋ ತಾತನೋ ಇದ್ದಿರಬಹುದು. ಆ ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕುಳಿತು ಜ್ಞಾನೋಪದೇಶಕ್ಕೆ ಬಂದವರು ನೀವೇ ಇರಬಹುದು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು, ಬಾರಿನ ಕೆಳಗೆ ಕಾಲು ತೂರಿಸಿ, ಮಂಡಿ ತರಚಿಕೊಂಡು ಕಲಿತ ದಿನಗಳನ್ನು ನಮ್ಮ ಪೀಳಿಗೆಯವರು ಮರೆತಿಲ್ಲ. ಡೈನಮೋ ಇಲ್ಲದೆ ರಾತ್ರಿ ಸಿಕ್ಕಿಬಿದ್ದು ಪೊಲೀಸಿನವರ ಮುಂದೆ ಚಕ್ರದ ಗಾಳಿ ಕಳೆದುಕೊಂಡದ್ದನ್ನೂ ಮರೆತಿಲ್ಲ. ಹಳ್ಳಿಹಳ್ಳಿಗೆ ಸುತ್ತಿ ಜಪ ಕಲಿಸಿದ ಉಪದೇಶಿಗಳೂ, ದೂರದ ಕಿರುದೇವಾಲಯಗಳಿಗೆ ಪೂಜೆಗೆ ಹೋಗುತ್ತಿದ್ದ ಹಿಂದಿನ ತಲೆಮಾರಿನ ಗುರುಗಳೂ ಸೈಕಲ್ ತುಳಿದವರೇ. ಆಗ ಅವರನ್ನು ಯಾರೂ ಆಡಿಕೊಳ್ಳಲಿಲ್ಲ.

ಹಾಗಾದರೆ ಏನು ಬದಲಾಯಿತು? ಮೊದಲು ಸೈಕಲ್ ಬಿಟ್ಟು ಸ್ಕೂಟರ್ ಕೊಂಡೆವು. ಅದು ಅಗತ್ಯವಾಗಿತ್ತು. ನಂತರ ಕಾರು ಕೊಂಡೆವು. ಕೆಲವರಿಗೆ ಅದೂ ಅಗತ್ಯ. ಆದರೆ ಮೇಲೇರಿದ ಮೇಲೆ ಕೆಳಗಿನ ಮೆಟ್ಟಿಲನ್ನು ಹೀನವಾಗಿ ಕಾಣಲು ಕಲಿತೆವು. ಮದುವೆಯ ಮಾತುಕತೆಯಲ್ಲಿ "ಹುಡುಗನಿಗೆ ಕಾರಿದೆಯೇ?" ಎಂಬ ಪ್ರಶ್ನೆ "ಹುಡುಗ ಪ್ರಾರ್ಥನೆ ಮಾಡುತ್ತಾನೆಯೇ?" ಎಂಬ ಪ್ರಶ್ನೆಗಿಂತ ಮೊದಲು ಬರುತ್ತದೆ. ಒಂದೂವರೆ ಕಿಲೋಮೀಟರು ದೂರದ ಶಾಲೆಗೆ ಹದಿನಾಲ್ಕು ವರ್ಷದ ಆರೋಗ್ಯವಂತ ಹುಡುಗನನ್ನು ಕಾರಿನಲ್ಲಿ ಬಿಟ್ಟುಬರುತ್ತೇವೆ. ಅದೇ ಹುಡುಗನಿಗೆ ವ್ಯಾಯಾಮವಿಲ್ಲವೆಂದು ಸಂಜೆ ಶುಲ್ಕ ಕಟ್ಟಿ ತರಬೇತಿಗೆ ಸೇರಿಸುತ್ತೇವೆ.

ನಂದಿಬೆಟ್ಟದ ದಾರಿಯಲ್ಲಿ ಭಾನುವಾರ ಬೆಳಗಿನ ಜಾವ ಬೆಲೆಬಾಳುವ ಸೈಕಲ್ಲುಗಳಲ್ಲಿ ಹೋಗುವ ಯುವಕರನ್ನು ಕಂಡಿದ್ದೇನೆ. ಅವರ ಉತ್ಸಾಹ ಒಳ್ಳೆಯದೇ. ಆದರೆ ಭಾನುವಾರ ಸೈಕಲ್ ಏರಿದ ಕೆಲವರು ಸೋಮವಾರ ಅದೇ ರಸ್ತೆಯಲ್ಲಿ ಹಾರ್ನ್ ಒತ್ತಿ, ಹಾಲಿನವನ ಸೈಕಲ್ಲನ್ನು ಚರಂಡಿಯ ಅಂಚಿಗೆ ಸರಿಸುವುದನ್ನೂ ಕಂಡಿದ್ದೇನೆ. ಹವ್ಯಾಸವಾದರೆ ಸೈಕಲ್ ಪ್ರತಿಷ್ಠೆ, ಹೊಟ್ಟೆಪಾಡಾದರೆ ಅವಮಾನ! ಅಂದಮೇಲೆ ನಾವು ನಾಚುವುದು ಸೈಕಲ್ಲಿಗಲ್ಲ, ಬಡವರ ಸಾಲಿನಲ್ಲಿ ಕಾಣಿಸಿಕೊಳ್ಳುವುದಕ್ಕೆ. ಕತ್ತೆಮರಿಯ ಮೇಲೆ ಕುಳಿತು ಜೆರುಸಲೇಮನ್ನು ಪ್ರವೇಶಿಸಿದವನನ್ನು ಗರಿಗಳ ಭಾನುವಾರ ಜಯಕಾರದಿಂದ ಸ್ವಾಗತಿಸುವ ನಮಗೆ ಈ ನಾಚಿಕೆ ಒಪ್ಪುತ್ತದೆಯೇ?

ಸಮಯದ ಲೆಕ್ಕ

"ಫಾದರ್, ನಮಗೆ ಸಮಯವೆಲ್ಲಿದೆ?" ಎಂದು ಕೇಳುವವರಿದ್ದಾರೆ. ಲೆಕ್ಕ ನೋಡೋಣ. ಜಗತ್ತಿನ ನಗರಗಳ ಸಂಚಾರ ದಟ್ಟಣೆಯನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ವರದಿಯ ಪ್ರಕಾರ ಬೆಂಗಳೂರಿನಲ್ಲಿ 10 ಕಿಲೋಮೀಟರು ಕ್ರಮಿಸಲು ವಾಹನಗಳಿಗೆ ಸರಾಸರಿ 34 ನಿಮಿಷ ಬೇಕಾಗಿತ್ತು. ಎಂದರೆ ಗಂಟೆಗೆ ಸುಮಾರು 18 ಕಿಲೋಮೀಟರು. ಅವಸರವಿಲ್ಲದೆ ಸೈಕಲ್ ತುಳಿಯುವ ನನ್ನಂಥವನ ವೇಗ ಗಂಟೆಗೆ 12ರಿಂದ 15 ಕಿಲೋಮೀಟರು. ವಾಹನ ನಿಲ್ಲಿಸಲು ಜಾಗ ಹುಡುಕುವ ಸಮಯವನ್ನೂ ಸೇರಿಸಿದರೆ, ನಾಲ್ಕೈದು ಕಿಲೋಮೀಟರಿನೊಳಗೆ ನಾನೇ ಮುಂದೆ. ಮಾರುಕಟ್ಟೆ, ಶಾಲೆ, ಬ್ಯಾಂಕು, ದೇವಾಲಯ ಇವು ನಮ್ಮಲ್ಲಿ ಹೆಚ್ಚಿನವರಿಗೆ ಅಷ್ಟರೊಳಗೇ ಇವೆ.

ವಿಯೆನ್ನಾದಲ್ಲಿ 1926ರಲ್ಲಿ ಜನಿಸಿ, 1951ರಲ್ಲಿ ಗುರುದೀಕ್ಷೆ ಪಡೆದು, ಮುಂದೆ ಯಾಜಕ ಸೇವೆಯಿಂದ ದೂರ ಸರಿದ ಚಿಂತಕ ಇವಾನ್ ಇಲಿಚ್ 1974ರಲ್ಲಿ ಪ್ರಕಟಿಸಿದ 'ಎನರ್ಜಿ ಅಂಡ್ ಈಕ್ವಿಟಿ' ಎಂಬ ಪುಸ್ತಕದಲ್ಲಿ ಇದನ್ನೇ ಇನ್ನಷ್ಟು ಆಳವಾಗಿ ಲೆಕ್ಕ ಹಾಕಿದರು. ಅಮೆರಿಕದ ಒಬ್ಬ ಪುರುಷ ಕಾರು ಓಡಿಸಲು, ಅದರ ಕಂತು, ಇಂಧನ, ವಿಮೆ, ತೆರಿಗೆಗಳಿಗೆ ಹಣ ದುಡಿಯಲು ವರ್ಷಕ್ಕೆ 1,600 ಗಂಟೆಗಳಿಗೂ ಹೆಚ್ಚು ಕಾಲ ವ್ಯಯಿಸುತ್ತಾನೆ. ಕ್ರಮಿಸುವುದು ಸುಮಾರು 12,000 ಕಿಲೋಮೀಟರು. ಭಾಗಿಸಿ ನೋಡಿದರೆ ಗಂಟೆಗೆ 8 ಕಿಲೋಮೀಟರನ್ನೂ ಮುಟ್ಟುವುದಿಲ್ಲ! ಕಾರಿನ ಕಂತು ಕಟ್ಟಲು ತಂದೆತಾಯಿ ಇಬ್ಬರೂ ಹೆಚ್ಚುವರಿ ಪಾಳಿ ದುಡಿದು, ಮಕ್ಕಳ ಮುಖ ಭಾನುವಾರ ಮಾತ್ರ ನೋಡುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೇ? ಉಳಿಸಿದೆವೆಂದುಕೊಂಡ ಸಮಯ ಎಲ್ಲಿಗೆ ಹೋಯಿತು?

ಅಪಾಯ ಯಾರಿಂದ?

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಅಪಾಯದ್ದು. "ಈ ರಸ್ತೆಗಳಲ್ಲಿ ಮಕ್ಕಳನ್ನು ಸೈಕಲ್ ಮೇಲೆ ಕಳುಹಿಸಿ ಎನ್ನುತ್ತೀರಾ?" ಎಂದು ತಾಯಂದಿರು ಕೇಳಿದಾಗ ನಾನು ಹಗುರವಾಗಿ ಉತ್ತರಿಸಲಾರೆ. ಅಪಾಯ ನಿಜ. ಹೆಬ್ಬಾಳದ ಮೇಲುಸೇತುವೆಯ ಬಳಿ ನಾನೇ ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು, ದೇವರ ಹೆಸರು ಹೇಳಿಕೊಂಡು ದಾಟುತ್ತೇನೆ. ಆದರೆ ಈ ಅಪಾಯ ಸಿಡಿಲಿನಂತೆ ಆಕಾಶದಿಂದ ಬಿದ್ದದ್ದಲ್ಲ. ಸೈಕಲ್ಲಿನವನು ಯಾರನ್ನೂ ಕೊಲ್ಲುವಷ್ಟು ಭಾರವಿಲ್ಲ. ಅಪಾಯ ಉಂಟುಮಾಡುವವರು ವೇಗವಾಗಿ ಓಡಿಸುವ ನಾವು. ನಮ್ಮ ವಾಹನಗಳಿಗೆ ಹೆದರಿ ನಮ್ಮ ಮಕ್ಕಳನ್ನು ಮನೆಯೊಳಗಿಟ್ಟು, ಮತ್ತೆ ಅವರ ಸುರಕ್ಷತೆಗೆಂದು ಇನ್ನೊಂದು ವಾಹನ ಕೊಳ್ಳುತ್ತೇವೆ. ಈ ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ 1 ಕೋಟಿಯನ್ನು ದಾಟಿದ್ದು ಹೀಗೆಯೇ.

ಆಡಳಿತ ನಡೆಸುವವರಿಗೂ ಒಂದು ಮಾತು. ಹೆಬ್ಬಾಳದ ಮೇಲುಸೇತುವೆ 2003ರಲ್ಲಿ ಬಂತು. ದಟ್ಟಣೆ ತೀರಲಿಲ್ಲ. 2025ರ ಆಗಸ್ಟ್‌ನಲ್ಲಿ ಅದಕ್ಕೆ ಹೊಸ ಲೂಪ್ ಸೇರಿತು. ಅದೇ ವರ್ಷ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರು ಉದ್ದದ ಸುರಂಗ ರಸ್ತೆಗೆ ಟೆಂಡರ್ ಕರೆಯಲಾಯಿತು. ಅದರ ಅಂದಾಜು ವೆಚ್ಚ 17 ಸಾವಿರ ಕೋಟಿ ರೂಪಾಯಿಗಿಂತ ಹೆಚ್ಚು. ನೆಲದ ಮೇಲೆ ಸೈಕಲ್ಲಿನವನಿಗೆ ಮೂರು ಅಡಿ ಜಾಗ ಕೊಡಲಾಗದವರು ಕಾರಿನವನಿಗೆ ನೆಲದಡಿಯಲ್ಲಿ ದಾರಿ ಕೊರೆಯಲು ಹೊರಟಿದ್ದಾರೆ. ಜಯನಗರದಲ್ಲಿ 2012ರಲ್ಲಿ ಸೈಕಲ್ ಪಥಗಳಿಗೆ ಬಣ್ಣ ಬಳಿದರು. ಅವು ಕಾರು ನಿಲ್ಲಿಸುವ ಜಾಗಗಳಾದವು. ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದರು. ಅದೂ ಉಳಿಯಲಿಲ್ಲ. ನಡೆಯುವವರ ಮತ್ತು ಸೈಕಲ್ ಸವಾರರ ಹಕ್ಕುಗಳಿಗಾಗಿ 2021ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯವು ಒಂದು ಮಸೂದೆಯ ಕರಡನ್ನು ಸಿದ್ಧಪಡಿಸಿತು. ಅದಕ್ಕಾಗಿ ಬೀದಿಗಿಳಿದು ಕೇಳಿದವರೆಷ್ಟು? ಕೇಳುವವರಿಲ್ಲದಿದ್ದರೆ ಕೊಡುವವರಿಲ್ಲ. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಹೆಸರಿನ ಸಾರ್ವಜನಿಕ ಸೈಕಲ್ ವ್ಯವಸ್ಥೆ ಆರಂಭವಾಯಿತು. 2006-07ರಲ್ಲಿ ನಮ್ಮ ರಾಜ್ಯ ಸರ್ಕಾರವೇ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ತೊಡಗಿತು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಶಾಲೆ ಬಿಡದೆ ಓದಿದ್ದು ಆ ಎರಡು ಚಕ್ರಗಳಿಂದ. ಮನಸ್ಸಿದ್ದರೆ ಮಾಡಬಹುದೆಂಬುದಕ್ಕೆ ಇವೇ ಸಾಕ್ಷಿ.

ಧರ್ಮಸಭೆ ಏನು ಹೇಳುತ್ತದೆ?

ಇದು ಲೌಕಿಕ ವಿಷಯ, ಗುರುಗಳಿಗೇಕೆ ಎನ್ನುವವರಿಗೆ ನೆನಪಿಸುತ್ತೇನೆ. ಜಗದ್ಗುರು ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ನಗರಗಳ ಕಾರುಗಳ ಬಗ್ಗೆಯೇ ಬರೆದಿದ್ದಾರೆ. ಒಬ್ಬರೋ ಇಬ್ಬರೋ ಕುಳಿತ ಕಾರುಗಳಿಂದ ದಟ್ಟಣೆ, ಮಾಲಿನ್ಯ ಹೆಚ್ಚುವುದನ್ನೂ, ರಸ್ತೆ ಮತ್ತು ನಿಲುಗಡೆಯ ಜಾಗಗಳು ನಗರವನ್ನು ಕೆಡಿಸುವುದನ್ನೂ ಅಲ್ಲಿ ಎತ್ತಿ ತೋರಿಸಿದ್ದಾರೆ. ಅದಕ್ಕೂ ಮೊದಲು, 2013ರ ಜುಲೈನಲ್ಲಿ, ಗುರುಮಠದ ವಿದ್ಯಾರ್ಥಿಗಳಿಗೆ ಮತ್ತು ನವಶಿಷ್ಯೆಯರಿಗೆ ಮಾತನಾಡುತ್ತಾ, ಹೊಚ್ಚಹೊಸ ಮಾದರಿಯ ಕಾರಿನಲ್ಲಿ ಗುರುವನ್ನೋ ಧರ್ಮಭಗಿನಿಯನ್ನೋ ಕಂಡರೆ ತಮಗೆ ನೋವಾಗುತ್ತದೆ ಎಂದರು. ಕೆಲಸಕ್ಕೆ ಕಾರು ಬೇಕಾಗುತ್ತದೆ, ಆದರೆ ಸರಳವಾದದ್ದನ್ನು ಆರಿಸಿಕೊಳ್ಳಿ ಎಂದೂ ಹೇಳಿದರು. ನಾನೂ ಕಾರನ್ನು ಶಪಿಸುವವನಲ್ಲ. ನಡುರಾತ್ರಿ ರೋಗಿಗೆ ಅಭ್ಯಂಗ ನೀಡಲು ಕರೆ ಬಂದರೆ ಧರ್ಮಕೇಂದ್ರದ ಕಾರನ್ನೇ ಹತ್ತುತ್ತೇನೆ. ವೃದ್ಧರಿಗೆ, ಅಶಕ್ತರಿಗೆ, ಬಸುರಿಯರಿಗೆ ಕಾರು ಬೇಕು. ನನ್ನ ವಾದ ಇರುವುದು ಬೇಕಾಗದೆಯೂ ಹತ್ತುವವರೊಂದಿಗೆ.

ಇಟಲಿಯ ಕೋಮೊ ಸರೋವರದ ಬಳಿಯ ಗುಡ್ಡದ ಮೇಲೆ ಗಿಸಾಲ್ಲೊ ಮಾತೆಯ ಪುಟ್ಟ ದೇವಾಲಯವಿದೆ. 1949ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್ ಆ ಮಾತೆಯನ್ನು ಸೈಕಲ್ ಸವಾರರ ಪಾಲಕಿಯೆಂದು ಘೋಷಿಸಿದರು. ಆ ದೇವಾಲಯದ ಗೋಡೆಗಳಲ್ಲಿ ಪ್ರಸಿದ್ಧ ಸವಾರರ ಸೈಕಲ್ಲುಗಳನ್ನು ಕಾಣಿಕೆಯಾಗಿ ತೂಗುಹಾಕಿದ್ದಾರೆ. ಸೈಕಲ್ಲಿಗೆ ಅಲ್ಲಿ ಪೀಠದ ಹತ್ತಿರವೇ ಸ್ಥಳ ಸಿಕ್ಕಿದೆ.

ಅದೇ ದೇಶದ ಜಿನೊ ಬಾರ್ತಾಲಿ ಎಂಬ ಭಕ್ತ ಕಥೋಲಿಕ, 1938 ಮತ್ತು 1948ರಲ್ಲಿ 'ಟೂರ್ ದ ಫ್ರಾನ್ಸ್' ಗೆದ್ದ ಸೈಕಲ್ ವೀರ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯನ್ನು ನಾಜಿಗಳು ಆಕ್ರಮಿಸಿಕೊಂಡಾಗ, ಫ್ಲಾರೆನ್ಸಿನ ಕಾರ್ಡಿನಲ್ ಎಲಿಯಾ ದಲ್ಲಾ ಕೋಸ್ತಾ ಅವರ ಕೋರಿಕೆಯಂತೆ, ಯೆಹೂದ್ಯರ ಜೀವ ಉಳಿಸುವ ಗುರುತಿನ ಪತ್ರಗಳನ್ನು ಸೈಕಲ್ಲಿನ ಟೊಳ್ಳು ಕೊಳವೆಗಳಲ್ಲಿ ಅಡಗಿಸಿ ಊರಿಂದೂರಿಗೆ ಸಾಗಿಸಿದರು. ಸೈನಿಕರು ತಡೆದಾಗ, ಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದೇನೆ ಎಂಬುದು ಅವರ ನೆಪ. ಬದುಕಿರುವಾಗ ಇದನ್ನು ಹೇಳಿಕೊಂಡು ತಿರುಗಲಿಲ್ಲ. ಅವರು ತೀರಿಕೊಂಡದ್ದು 2000ದಲ್ಲಿ. ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವರನ್ನು ನೀತಿವಂತರ ಸಾಲಿಗೆ ಸೇರಿಸಿದ್ದು 2013ರಲ್ಲಿ. ಸೈಕಲ್ ತುಳಿಯುವುದು ಗೌರವಕ್ಕೆ ಕುಂದು ಎನ್ನುವವರು ಈ ಮನುಷ್ಯನನ್ನು ನೆನೆಯಲಿ.

ನನ್ನ ತಪ್ಪೊಪ್ಪಿಗೆ

ಇನ್ನು ನಾನು ಮತ್ತೆ ಸೈಕಲ್ ಹತ್ತಿದ ಕಾರಣವನ್ನು ಹೇಳಬೇಕು.

ನಮ್ಮ ದೇವಾಲಯದ ಅಂಗಳದಲ್ಲಿ, ಲೂರ್ದು ಮಾತೆಯ ಗವಿಯ ಪಕ್ಕದಲ್ಲಿ, ತಗಡಿನ ಚಾವಣಿಯ ಹಳೆಯ ಸೈಕಲ್ ಸ್ಟ್ಯಾಂಡ್ ಒಂದಿತ್ತು. ಭಾನುವಾರ ಕಾರು ನಿಲ್ಲಿಸಲು ಜಾಗ ಸಾಲದೆಂದು ಪಾಲನಾ ಸಮಿತಿಯಲ್ಲಿ ಮಾತು ಬಂತು. ಸ್ಟ್ಯಾಂಡ್ ಕಿತ್ತು, ಟೈಲ್ಸ್ ಹಾಕಿದರೆ ಆರು ಕಾರು ನಿಲ್ಲುತ್ತವೆ ಎಂದರು. ನಾನು ಸಹಿ ಹಾಕಿದೆ. ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆಂಬುದು ನನಗೆ ಹೊಳೆಯಲಿಲ್ಲ. ಸೈಕಲ್ಲಿನಲ್ಲಿ ಬರುವವರನ್ನು ಯಾರೂ ಕೇಳಲೂ ಇಲ್ಲ. ಅವರಲ್ಲಿ ಒಬ್ಬರೂ ಸಮಿತಿಯಲ್ಲಿ ಇರಲಿಲ್ಲ.

ಗಾರೆ ಕೆಲಸ ಮಾಡುವ ಹಿರಿಯರೊಬ್ಬರು ಪ್ರತಿ ಭಾನುವಾರ ಮೊದಲ ಪೂಜೆಗೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಕಾರುಗಳಿಗೆ ಗೀರು ಬೀಳುತ್ತದೆಂದು ಕಾವಲುಗಾರ ಸೈಕಲ್ಲನ್ನು ಗೇಟಿನ ಹೊರಗೆ ನಿಲ್ಲಿಸಲು ಹೇಳಿದ. ಹಾಗೆ ಹೇಳಬೇಕೆಂದು ಅವನಿಗೆ ತಿಳಿಸಿದ್ದವನೂ ನಾನೇ. ಒಂದು ಭಾನುವಾರ ಅವರು ಪರಮಪ್ರಸಾದ ಸ್ವೀಕರಿಸಿ ಹೊರಗೆ ಬಂದಾಗ ಸೈಕಲ್ ಇರಲಿಲ್ಲ. ಕರಣೆ, ಮಟ್ಟಗೋಲುಗಳಿದ್ದ ಚೀಲವೂ ಅದರ ಜೊತೆ ಹೋಗಿತ್ತು. ಮುಂದಿನ ಎರಡು ಭಾನುವಾರ ಅವರು ಕಾಣಲಿಲ್ಲ. ವಿಷಯ ತಿಳಿದು ಮನೆಗೆ ಹೋದೆ. "ಸ್ತೋತ್ರ ಸ್ವಾಮಿ" ಎಂದು ಎದ್ದು ನಿಂತರು. ನಾನು ಕ್ಷಮೆ ಕೇಳಿದೆ. ಅವರು, "ಹೋಗ್ಲಿ ಬಿಡಿ ಸ್ವಾಮಿ, ಕಾರಿನೋರಿಗೆ ತೊಂದ್ರೆ ಆಗ್ಬಾರ್ದಲ್ಲ" ಎಂದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. ದೇವರ ಮನೆಯ ಅಂಗಳವೂ ಕಾರಿನವರದ್ದು ಎಂದು ಅವರು ಒಪ್ಪಿಕೊಂಡುಬಿಟ್ಟಿದ್ದರು. ಹಾಗೆಂದು ಅವರಿಗೆ ಕಲಿಸಿದವನು ಪೀಠದ ಮೇಲೆ ನಿಂತು ಬಡವರ ಬಗ್ಗೆ ಪ್ರಬೋಧನೆ ಮಾಡುವ ನಾನು.

ಮರುದಿನ ಅವರನ್ನು ಕರೆದುಕೊಂಡು ಅಂಗಡಿಗೆ ಹೋಗಿ ಒಂದು ಸೈಕಲ್ ಕೊಂಡೆ. ಮಂಡಿನೋವಿನಿಂದ ಅವರು ಆ ದಿನ ತುಳಿಯಲಾರದೆ ಆಟೋದಲ್ಲಿ ಹೋದರು. ಸೈಕಲ್ಲನ್ನು ಅವರ ಮನೆಗೆ ತಲುಪಿಸುವ ಕೆಲಸ ನನ್ನದಾಯಿತು. ಇಪ್ಪತ್ತು ವರ್ಷಗಳ ನಂತರ ಪೆಡಲ್ ಮೇಲೆ ಕಾಲಿಟ್ಟೆ. ಮೊದಲ ತಿರುವಿನಲ್ಲಿ ತೂಗಾಡಿದೆ. ಎರಡನೆಯ ಬೀದಿಯಲ್ಲಿ ಗಾಳಿ ಮುಖಕ್ಕೆ ತಾಕಿತು, ನನಗರಿವಿಲ್ಲದೆ ನಕ್ಕೆ. ಪ್ರಾಯಶ್ಚಿತ್ತಕ್ಕೆಂದು ಹೊರಟವನಿಗೆ ದೇವರು ಸಂತೋಷವನ್ನು ಕೊಟ್ಟರು. ಮುಂದಿನ ವಾರ ನನಗೂ ಒಂದು ಸೈಕಲ್ ಕೊಂಡೆ.

ನಿಮ್ಮಲ್ಲಿ ಬೇಡಿಕೆ

ಗವಿಯ ಪಕ್ಕದ ಆರು ಕಾರುಗಳ ಜಾಗದಲ್ಲಿ ಎರಡನ್ನು ತೆರವು ಮಾಡಿ ಸೈಕಲ್ ಸ್ಟ್ಯಾಂಡ್ ಮತ್ತೆ ಕಟ್ಟಿದ್ದೇವೆ. ಇದಕ್ಕಾಗಿ ಸಮಿತಿಯಲ್ಲಿ ಮೂರು ಸಭೆಗಳ ಕಾಲ ವಾದ ನಡೆಯಿತು. ಇಬ್ಬರು ನನ್ನೊಡನೆ ಇನ್ನೂ ಮುನಿಸಿಕೊಂಡಿದ್ದಾರೆ. ಆದರೂ ಎಲ್ಲ ಧರ್ಮಕೇಂದ್ರಗಳ ಗುರುಗಳನ್ನೂ ಹಿರಿಯರನ್ನೂ ಕೇಳಿಕೊಳ್ಳುತ್ತೇನೆ: ನಿಮ್ಮ ಅಂಗಳದಲ್ಲಿ, ಗೇಟಿನ ಒಳಗೆ, ಮಳೆ ಬೀಳದ ಜಾಗದಲ್ಲಿ, ಸೈಕಲ್ಲಿಗೆ ಸ್ಥಳ ಕೊಡಿ. ಸತ್ರದಲ್ಲಿ ಸ್ಥಳ ಸಿಗದ ಕುಟುಂಬವೊಂದರ ಕಥೆಯನ್ನು ಪ್ರತಿ ಡಿಸೆಂಬರಿನಲ್ಲಿ ಗೋದಲಿ ಕಟ್ಟಿ ಸ್ಮರಿಸುವವರು ನಾವು.

ತಂದೆತಾಯಂದಿರೇ, ಮಕ್ಕಳಿಗೆ ಮೊದಲು ಒಳಬೀದಿಗಳಲ್ಲಿ ಜೊತೆಗಿದ್ದು ಕಲಿಸಿ. ಹೆಣ್ಣುಮಕ್ಕಳಿಗೂ ಕಲಿಸಿ. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಸಾವಿರಾರು ಹಳ್ಳಿಯ ಮಹಿಳೆಯರು ಸೈಕಲ್ ಕಲಿತು, ಯಾರನ್ನೂ ಕಾಯದೆ ಸಂತೆಗೆ, ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಪಡೆದರು. ಕಾರು ಓಡಿಸುವವರೇ, ಮುಂದೆ ಹೋಗುತ್ತಿರುವ ಸೈಕಲ್ಲಿನವನ ಬೆನ್ನಿಗೆ ಹಾರ್ನ್ ಒತ್ತಬೇಡಿ. ಒಂದು ಕ್ಷಣ ತಾಳಿ, ದೂರ ಬಿಟ್ಟು ಮುಂದೆ ಸಾಗಿ. ಆ ತಾಳ್ಮೆಯೂ ಒಂದು ಪ್ರಾರ್ಥನೆಯೇ. 2025ರ ಸೆಪ್ಟೆಂಬರಿನಿಂದ ನಮ್ಮ ಭಾಗಕ್ಕೆ ಬೆಂಗಳೂರು ಉತ್ತರ ನಗರ ಪಾಲಿಕೆ ಬಂದಿದೆ. ಮತ ಕೇಳಲು ಮನೆಗೆ ಬರುವವರನ್ನು, ನಮ್ಮ ವಾರ್ಡಿನ ಶಾಲೆಯ ದಾರಿಯಲ್ಲಿ ಸೈಕಲ್ಲಿಗೆ ಜಾಗವೆಷ್ಟು ಎಂದು ಕೇಳಿ.

ಇನ್ನು ನನ್ನನ್ನು ಪಕ್ಕಕ್ಕೆ ಕರೆದು ಮಾತನಾಡಿದ ಆ ಹಿರಿಯರಿಗೆ ಉತ್ತರ: ಅಯ್ಯಾ, ಪಾಸ್ಖ ಹಬ್ಬ ಕಳೆಯಿತು. ನಾನು ಸೈಕಲ್ ಬಿಟ್ಟಿಲ್ಲ. ತಪಸ್ಸಾಗಿದ್ದರೆ ಬಿಡುತ್ತಿದ್ದೆ. ನಿಮ್ಮ ಮನೆಯಿಂದ ದೇವಾಲಯಕ್ಕೆ ಎರಡು ಕಿಲೋಮೀಟರು ಮಾತ್ರ. ನಿಮ್ಮ ಕಾರಿನ ಶೆಡ್ಡಿನಲ್ಲಿ, ಹಳೆಯ ಪೆಟ್ಟಿಗೆಗಳ ಹಿಂದೆ, ನಿಮ್ಮ ತಂದೆಯವರ ಕಾಲದ ಸೈಕಲ್ ಒಂದು ಒರಗಿ ನಿಂತಿರುವುದನ್ನು ಮನೆ ಮಂತ್ರಿಸಲು ಬಂದಾಗ ನೋಡಿದ್ದೇನೆ. ಚೈನಿಗೆ ಎಣ್ಣೆ ಹಾಕಿಸಿ, ಟ್ಯೂಬ್ ಬದಲಿಸಿ, ಮುಂದಿನ ಭಾನುವಾರ ಮೊಮ್ಮಗನನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಬನ್ನಿ. ಗವಿಯ ಪಕ್ಕದಲ್ಲಿ ಜಾಗ ಇಟ್ಟಿರುತ್ತೇನೆ.